ಆರ್ಲೀನಾ ಅತ್ತೆಯ ಇಪ್ಪತ್ತನೇ ಕಲ್ಲು

ಅಮೆರಿಕದ ಕಲ್ಲಿದ್ದಲು ಸೀಮೆಯ ನಮ್ಮ ಸ್ಲೇಟ್ ಲಿಕ್ ಸರ್ಕಾರದ ಲೆಕ್ಕದಲ್ಲಿ ಊರೇ ಅಲ್ಲವಂತೆ. ಮೇಯರ್ ಇಲ್ಲ, ಕೌನ್ಸಿಲ್ ಇಲ್ಲ, ನಕಾಶೆಯಲ್ಲೊಂದು ಚುಕ್ಕೆಯೂ ಇಲ್ಲ. ನಲ್ಲಿ ತಿರುಗಿಸಿದರೆ ಕಪ್ಪು ನೀರು ಮಾತ್ರ ತಪ್ಪದೇ ಬರುತ್ತದೆ. ಥೂ! ಆ ನೀರಿನಲ್ಲೇ ಬೀನ್ಸ್ ಬೇಯಿಸಿ ಹಾಕಿ ನನ್ನನ್ನು ಸಾಕಿದವಳು ಆರ್ಲೀನಾ ಅತ್ತೆ, ನನ್ನಪ್ಪನ ತಂಗಿ. ಅವಳ ಗಂಡ ಎಸ್ಟಿಲ್ ಮೂವತ್ತು ವರ್ಷ ಗಣಿಯಲ್ಲಿ ದುಡಿದು, ಎದೆ ತುಂಬ ಕಲ್ಲಿದ್ದಲ ಧೂಳು ತುಂಬಿಕೊಂಡು ಸತ್ತ. ಅವನನ್ನೂ, ಮೂರೇ ದಿನ ಬದುಕಿದ್ದ ಮಗಳನ್ನೂ ಗುಡ್ಡದ ನೆತ್ತಿಯಲ್ಲಿ ಹೂಳಿದ್ದಾಳೆ. ಅಲ್ಲಿ ನಮ್ಮವರ ಗೋರಿಗಳು ಒಟ್ಟು ಹತ್ತೊಂಬತ್ತು. ತಲೆಯ ಕಡೆಗೆ ಒಂದೊಂದು ಕಾಡುಕಲ್ಲು, ಯಾವುದರ ಮೇಲೂ ಹೆಸರಿಲ್ಲ. ಕೆತ್ತಿಸೋಣವೆಂದರೆ ಅತ್ತೆ ಗದರುತ್ತಿದ್ದಳು: "ನಮ್ಮೋರನ್ನ ನಮಗೇ ಪರಿಚಯ ಮಾಡಿಸ್ಬೇಕೇನೋ?"

ಈಗ ಗುಡ್ಡ ಕಂಪನಿಯದು. ನೆತ್ತಿಯನ್ನೇ ಸಿಡಿಸಿ ಕಲ್ಲಿದ್ದಲು ತೆಗೆಯುತ್ತಾರೆ. ಅದರ ಗೇಟು ಕಾಯುತ್ತಿದ್ದವನು ನಾನು. ಗೋರಿಗಳಿದ್ದರೆ ಕಾನೂನಿನ ಪ್ರಕಾರ ಸುತ್ತ ನೂರಡಿ ಮುಟ್ಟುವಂತಿಲ್ಲ. ಜನವರಿಯಲ್ಲಿ ಸರ್ವೇಯರ್ ಬಂದವನು ಬೂಟಿನಿಂದ ಒಂದು ಕಲ್ಲನ್ನು ತಳ್ಳಿ ಕೇಳಿದ: "ಇಲ್ಲಿ ಯಾರನ್ನಾದ್ರೂ ಹೂಳಿದ್ದಾರೇನಯ್ಯಾ?"

ಪಕ್ಕದಲ್ಲೇ ನನ್ನ ಮೇಲಧಿಕಾರಿ ನಿಂತಿದ್ದ. "ಗೊತ್ತಿಲ್ಲ ಸಾರ್" ಎಂದೆ. ಸರ್ವೇಯರ್ 'ಬರೀ ಕಲ್ಲು' ಎಂದು ಬರೆದುಕೊಂಡ. ಅಸಹ್ಯ! ಆ ನಾಲಿಗೆಗೆ ಇವತ್ತಿಗೂ ಊಟ ರುಚಿಸುವುದಿಲ್ಲ.

ಮೇ ತಿಂಗಳಲ್ಲಿ, ಗೋರಿಗಳನ್ನು ಹೂವಿಟ್ಟು ಸಿಂಗರಿಸುವ ವಾಡಿಕೆಯ ಭಾನುವಾರ, ಅತ್ತೆ ಗೇಟಿಗೆ ಬಂದಳು. ಮುಂದಿನ ವಾರ ನೆತ್ತಿ ಸಿಡಿಸುತ್ತಾರೆಂಬ ಸುದ್ದಿಯೂ, ಸರ್ವೇಯರ್‌ಗೆ ನಾನು ಹೇಳಿದ ಮಾತೂ ಅವಳಿಗೆ ಮುಟ್ಟಿದ್ದವು. ಕೈಯಲ್ಲಿ ಹೂವಿರಲಿಲ್ಲ, ಬಿಳಿ ಬಣ್ಣದ ಡಬ್ಬಿ, ಕುಂಚ ಇದ್ದವು.

"ಅತ್ತೆ, ಹೆಲ್ಮೆಟ್ ಹಾಕ್ಕೋಬೇಕು. ಕಂಪನಿ ರೂಲು."

"ಗಂಡನ ಹತ್ರ ಹೋಗೋಕೂ ಹೆಲ್ಮೆಟ್ಟಾ? ನಿನ್ನ ಕಂಪನಿಗೆ ಬೆಂಕಿ ಬೀಳ!" ಎನ್ನುತ್ತಲೇ ಹಾಕಿಕೊಂಡು ಹತ್ತಿದಳು.

ಮಧ್ಯಾಹ್ನವಾದರೂ ಇಳಿಯಲಿಲ್ಲ. ಹೋಗಿ ನೋಡಿದೆ. ಕಲ್ಲುಗಳಿಗೆಲ್ಲ ಹೆಸರು ಬಂದಿತ್ತು. ಎಣಿಸಿದೆ, ಇಪ್ಪತ್ತು! ಕೊನೆಯದು ಹೊಸದಾಗಿ ನೆಟ್ಟ ಕಲ್ಲು. ಅದರ ಮೇಲೆ 'ಡೆಲ್ಬರ್ಟ್' ಎಂದು ನನ್ನ ಹೆಸರು, ಕೆಳಗೆ ಸರ್ವೇಯರ್ ಬಂದಿದ್ದ ತಾರೀಖು.

"ಅಯ್ಯೋ ಅತ್ತೆ, ನಾನಿನ್ನೂ ಬದುಕಿದ್ದೀನಲ್ಲ!"

"ಹೌದಾ? ಹಂಗಾದ್ರೆ ಹೋಗಿ ಅವರಿಗೆ ಹೇಳು. ಒಂದು ಗೋರಿ ಸುಳ್ಳು, ಹತ್ತೊಂಬತ್ತು ನಿಜ ಅಂತ. ಹೇಳಿ ಬಾ, ಅಳಿಸ್ತೀನಿ."

ಸೋಮವಾರ ಸರ್ಕಾರದ ಗಣಿ ಆಫೀಸಿನ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತೆ. ಎಲ್ಲ ಹೇಳಿದೆ. ಮಧ್ಯಾಹ್ನಕ್ಕೆ ನೌಕರಿ ಹೋಯಿತು. ಸಿಡಿಸುವುದು ನಿಂತಿತು, ಸರ್ವೇಯರ್ ಮತ್ತೆ ಬರಬೇಕಾಯಿತು.

ಅತ್ತೆ ಸೀಮೆಎಣ್ಣೆ ಬಟ್ಟೆ ಹಿಡಿದು ನನ್ನ ಹೆಸರನ್ನು ಉಜ್ಜಿ ಉಜ್ಜಿ ಅಳಿಸಿದಳು. ತಾರೀಖನ್ನು ಮಾತ್ರ ಹಾಗೇ ಬಿಟ್ಟಳು.