ಕರಡಿಗೆ ತೂಗುವ ಜಾಗದಲ್ಲಿ ಸೂಜಿ

ಆ ಸೂಜಿ ಕುದಿಯುತ್ತಿರುವಾಗಲೇ ನನ್ನ ಕಣ್ಣಿಗೆ ಬಿದ್ದಿತ್ತು. ಬೆಟಗೇರಿಯ ದವಾಖಾನೆಯ ಕೋಣೆ, ಮೂಲೆಯಲ್ಲಿ ಸ್ಟೋ, ಮೇಲೆ ತಗಡಿನ ಡಬ್ಬಿ. ನೀರು ಉಕ್ಕಿದಂತೆಲ್ಲ ಸೂಜಿ ಡಬ್ಬಿಯ ತಳಕ್ಕೆ ಟಣಟಣ ಬಡಿಯುತ್ತಿತ್ತು. ಇಂಜೆಕ್ಷನ್ನಿನ ಸೂಜಿಯ ಹಾಗೆ ಸಣ್ಣದಲ್ಲ. ಗಿಡ್ಡ, ದಪ್ಪ, ನಡುವೆ ಒಂದು ಲೋಹದ ಬಿಲ್ಲೆ. ಬಿಲ್ಲೆ ಯಾಕೆಂದು ನರ್ಸನ್ನು ಕೇಳಿದೆ.

“ಹೆಚ್ಚು ಒಳಗ ಹೋಗಬಾರದಂತ ಅಡ್ಡ ಇಟ್ಟದ್ದರಿ,” ಅಂದಳು.

ಹೆಚ್ಚು ಹೋದರೆ ಏನು ಅಂತ ಕೇಳಲು ನನಗೆ ಬಾಯಿ ಬರಲಿಲ್ಲ.

ಅದು ಏಕೀಕರಣದ ವರ್ಷ. ನಾನೂ ನಮ್ಮ ಅತ್ತೆಯೂ ಶಿರಹಟ್ಟಿಯಿಂದ ಬಸ್ಸಿನಲ್ಲಿ ಬಂದಿದ್ದೆವು. ಚೊಚ್ಚಲ ಬಸಿರು, ಏಳು ತುಂಬುತ್ತಿತ್ತು. ಸೀಮಂತದ ಕುಬಸ ಮಾಡಿ ಹಸಿರು ಬಳೆ ಇಡಿಸಿದ್ದರು. ಬಳೆಗಳ ನಡುವೆ ಕಾಣುವ ನನ್ನ ಮುಂಗೈ ಬೇಯಿಸಿ ಸುಲಿದ ಆಲೂಗಡ್ಡೆಯ ಬಣ್ಣಕ್ಕೆ ತಿರುಗಿತ್ತು. ನಾಲಿಗೆ ನುಣ್ಣಗೆ ಕೆಂಪಾಗಿ ಬಿಸಿ ಸಾರು ಸೋಕಿದರೆ ಉರಿ. ಪಡಸಾಲೆಯಿಂದ ಅಡಿಗೆಮನೆಗೆ ಹೋಗುವಷ್ಟರಲ್ಲಿ ತೇಕು. ಊರ ಡಾಕ್ಟರು ಕೊಟ್ಟ ಕಬ್ಬಿಣದ ಔಷಧ ಕುಡಿದು ಹಲ್ಲು ಕಪ್ಪಾದವು, ಮೈಗೆ ರಕ್ತ ಮಾತ್ರ ಬರಲಿಲ್ಲ.

ಬೆಟಗೇರಿಯ ಡಾಕ್ಟರಬಾಯಿ ಮುಂಬಯಿಯಲ್ಲಿ ಕಲಿತು ಬಂದವರು. ನನ್ನ ಬೆರಳಿನ ರಕ್ತವನ್ನು ಗಾಜಿಗೆ ಸವರಿ, ಸೂಕ್ಷ್ಮದರ್ಶಕದೊಳಗೆ ಬಹಳ ಹೊತ್ತು ನೋಡಿದ್ದರು. ಆಮೇಲೆ ನಮ್ಮಿಬ್ಬರನ್ನೂ ಕೂಡಿಸಿಕೊಂಡು ಹೇಳಿದರು:

“ನೋಡು ತಂಗಿ, ರಕ್ತ ಹುಟ್ಟೂದು ಎಲುಬಿನೊಳಗ, ಮಜ್ಜಿಯಾಗ. ಅಲ್ಲಿ ತಾಯಿಕಣ ಅದಾವು. ಒಂದು ತಾಯಿಕಣ ಒಡದು ಎರಡಾಗತೈತಿ. ಒಂದು ತಾಯಾಗೇ ಉಳೀತೈತಿ, ಇನ್ನೊಂದರ ಮಕ್ಕಳು ಬೆಳಕೋತ ಬೆಳಕೋತ ಕೆಂಪು ಕಣ ಆಗಿ ರಕ್ತಕ್ಕ ಬೀಳತಾವು. ನಿನ್ನ ರಕ್ತದಾಗ ಇನ್ನೂ ಬೆಳೀದ ಎಳೇವು ಕಾಣಾಕತ್ತಾವು. ಯಾಕಂತ ತಿಳೀಬೇಕಂದ್ರ ಅವು ಹುಟ್ಟೂ ಜಾಗಾನಽ ನೋಡಬೇಕು.”

ಈಗಿನ ಪತ್ರಿಕೆಗಳಲ್ಲಿ ಅದನ್ನು ಕಾಂಡಕೋಶ ಅಂತ ಬರೆಯುತ್ತಾರೆ. ನನಗೆ ಮಾತ್ರ ಇವತ್ತಿಗೂ ತಾಯಿಕಣ ಅಂದರೇ ಕಣ್ಣಿಗೆ ಕಟ್ಟುತ್ತದೆ. ನಾನು ಕಲಿತ ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಮದರ್ ಒಮ್ಮೆ ಸೂಕ್ಷ್ಮದರ್ಶಕದಲ್ಲಿ ಉಳ್ಳಾಗಡ್ಡಿಯ ತೆಳ್ಳನೆ ಪದರು ತೋರಿಸಿದ್ದರು. ಇಟ್ಟಿಗೆ ಜೋಡಿಸಿದಂತೆ ಕೋಣೆಗಳು, ಒಂದೊಂದರಲ್ಲೂ ಒಂದು ಚುಕ್ಕೆ. ಎಷ್ಟು ಚೆಂದ ಅನಿಸಿತ್ತು ಆವಾಗ! ಅಂಥ ಕೋಣೆಗಳು ನನ್ನೊಳಗೂ ಇದ್ದು, ಅವುಗಳಲ್ಲಿ ಏನೋ ಕೆಟ್ಟಿದೆ ಅಂದರೆ ಎಲ್ಲಿಗೆ ಓಡುವುದು?

“ಎರಡರಾಗ ಒಂದು ಇರಬೇಕು,” ಅಂದರು ಡಾಕ್ಟರಬಾಯಿ. “ಒಂದಕ್ಕ ಔಷಧ ಐತಿ.”

“ಇನ್ನೊಂದಕ್ಕರೀ?” ಅತ್ತೆ ಕೇಳಿದರು.

“ಮೊದಲ ನೋಡೂಣು ಅವ್ವಾರ.”

ಇನ್ನೊಂದರ ಹೆಸರನ್ನು ಅವರು ನರ್ಸಿಗೆ ಇಂಗ್ಲಿಷಿನಲ್ಲಿ ಹೇಳಿದರು, ನಮಗೆ ತಿಳಿಯದಿರಲಿ ಅಂತ. ತಲೆತುಂಬ ಸೆರಗು ಹೊದ್ದು ಕುಳಿತ ಶಿರಹಟ್ಟಿಯ ಸೊಸೆಗೆ ಇಂಗ್ಲಿಷ್ ಬರುತ್ತದೆಂದು ಅವರಿಗೇನು ಗೊತ್ತು? ರಕ್ತದ ಕ್ಯಾನ್ಸರ್. ಕಾನ್ವೆಂಟಿನಲ್ಲಿ ಕಲಿತದ್ದು ಬೇಡವಾಗಿತ್ತು ಅಂತ ನನಗೆ ಅನಿಸಿದ್ದು ಅದೊಂದೇ ಸಲ. ಪಕ್ಕದಲ್ಲಿ ಅತ್ತೆ ಸುಮ್ಮನೆ ಚೀಲದ ದಾರ ಸರಿಮಾಡುತ್ತಿದ್ದರು. ಆ ಹೆಸರನ್ನು ನಾನೊಬ್ಬಳೇ ನುಂಗಿಕೊಂಡೆ. ಹೊಟ್ಟೆಯಲ್ಲಿ ಕೂಸು ಹೊರಳಿತು.

ಮಂಚದ ಮೇಲೆ ಮಲಗಿಸಿದ ನರ್ಸು ಕುಬಸದ ಗಂಟು ಬಿಚ್ಚಿದಳು. ಎದೆಯ ನಡುವೆ, ಸೂಜಿ ಹಾಕಬೇಕಾದ ಎಲುಬಿನ ಮೇಲೆಯೇ, ಕೊರಳ ದಾರಕ್ಕೆ ಕಟ್ಟಿದ, ನನ್ನ ಇಷ್ಟಲಿಂಗವಿಟ್ಟ ಬೆಳ್ಳಿಯ ಕರಡಿಗೆ ಇತ್ತು.

“ಇದನ್ನ ತಗದು ಆ ತಾಟಿನ್ಯಾಗ ಇಡ್ರಿ.”

ಅತ್ತೆ ದಡಕ್ಕನೆ ಎದ್ದರು. “ತಗದು? ಜೀವಾ ಹೋದ್ರೂ ಲಿಂಗಾ ಮೈ ಬಿಡಬಾರದ್ರಿ. ಎಂಟರಾಗ ಬಿದ್ದಮ್ಯಾಲೆ ಹೊಟ್ಟ್ಯಾಗಿನ ಕೂಸಿಗೂ ಲಿಂಗಾ ಕಟ್ಟಸೂರು ನಾವು. ಮಠದ ಅಯ್ಯಾರಿಗೆ ಹೇಳಿ ಬಂದೇನಿ.”

“ಸೂಜಿ ಅದಽ ಜಾಗಾಕ್ಕ ಹಾಕಬೇಕು ಅವ್ವಾರ,” ಡಾಕ್ಟರಬಾಯಿ ಸಮಾಧಾನದಿಂದ ಅಂದರು. “ನೀವಽ ಹಿಡಕೊಂಡು ನಿಂದರ್ರಿ.”

“ಅಕೀ ಲಿಂಗಾ ನಾ ಹೆಂಗ ಮುಟ್ಟಲಿ? ಒಬ್ಬರದು ಇನ್ನೊಬ್ಬರು ಮುಟ್ಟಬಾರದ್ರಿ.”

ಸ್ಟೋ ಭರ್ ಅನ್ನುತ್ತಿತ್ತು. ಅತ್ತೆ ನನ್ನನ್ನು ಕರೆದುಕೊಂಡು ಹೊರಟುಬಿಡುತ್ತಾರೆ ಅಂತ ಹೆದರಿದೆ. ಹೊರಟುಬಿಟ್ಟರೆ ಸಾಕು ಅಂತಲೂ ಅನಿಸಿತು. ಅಷ್ಟರಲ್ಲಿ ಅವರು ನನ್ನ ಕಡೆ ಬಾಗಿದರು.

“ಯವ್ವಾ, ದಿನಾ ಮುಂಜಾನಿ ಪೂಜಿ ಎಲ್ಲಿ ಇಟಗೊಂಡು ಮಾಡತೀ?”

“ಎಡಗೈಯಾಗರೀ.”

“ಮತ್ತ? ಕೈ ಏನ ಮೈ ಅಲ್ಲೇನ?” ಅಂದವರೇ ಡಾಕ್ಟರಬಾಯಿಯತ್ತ ತಿರುಗಿ, “ದಾರಾ ಬಿಚ್ಚೂದು ಬ್ಯಾಡ. ಅಕೀನಽ ಸರಿಸಿ ಎಡಗೈಯಾಗ ಹಿಡಕೋತಾಳ. ನೀವು ನಿಮ್ಮ ಕೆಲಸಾ ಮಾಡ್ರಿ,” ಅಂದರು.

ಮೊದಲು ಮರಗಟ್ಟಿಸುವ ಸಣ್ಣ ಸೂಜಿ. ಆಮೇಲೆ ಆ ದಪ್ಪನೆಯದು. ನೋವಿಗಿಂತ ಭಾರ, ಯಾರೋ ಎದೆಯ ಮೇಲೆ ಮೊಣಕಾಲೂರಿದ ಹಾಗೆ. ಎಲುಬು ‘ಕಟ್’ ಅಂದದ್ದು ಕಿವಿಗಲ್ಲ, ಹಲ್ಲಿಗೆ ಕೇಳಿಸಿತು. “ಈಗ ಎಳೀತೇನಿ, ಉಸಿರು ಹಿಡಿ,” ಅಂದರು. ಬಾವಿಯಿಂದ ಕೊಡ ಎಳೆಯುತ್ತಾರಲ್ಲ, ಹಾಗೆ. ಹಗ್ಗ ಮಾತ್ರ ನನ್ನ ಬೆನ್ನಹುರಿಗೆ ಕಟ್ಟಿದಂತಿತ್ತು. ಕೂಗಲಿಲ್ಲ. ಎದ್ದು ಮುಷ್ಟಿ ಬಿಚ್ಚಿದಾಗ ಕರಡಿಗೆಯ ಅಂಚು ಅಂಗೈಯಲ್ಲಿ ಅಚ್ಚಾಗಿತ್ತು.

ಹೊರಗೆ ಬೇವಿನ ಮರದ ಕೆಳಗಿನ ಕಟ್ಟೆಯ ಮೇಲೆ ಕುಳಿತು ಕಾಯ್ದೆವು. ರಸ್ತೆಯಲ್ಲಿ ಕರ್ನಾಟಕ ಒಂದಾಗಲಿ ಅಂತ ಕೂಗುತ್ತ ಒಂದು ಗುಂಪು ಹಾದುಹೋಯಿತು.

“ನಮ್ಮೂರಾಗ ಸಾಂಗ್ಲಿ ರಾಜರ ಸರಕಾರ ಹೋತು, ಮುಂಬೈ ಸರಕಾರ ಬಂತು, ಈಗ ಇನ್ನೊಂದು ಬರತೈತಂತ,” ಅಂದರು ಅತ್ತೆ, ಬುತ್ತಿಯ ಗಂಟು ಬಿಚ್ಚುತ್ತ. “ಯಾವದರೆ ಬರ್ಲಿ. ನೀ ಒಂದು ತುತ್ತು ತಿನ್ನು.”

ನನಗೆ ಬೆಳ್ಳನೆ ಅಕ್ಕಿಯ ಅನ್ನ, ಮೇಲೆ ಕೆನೆಮೊಸರು. ತಮಗೆ ಜೋಳದ ರೊಟ್ಟಿ, ಖಾರದ ಹಿಂಡಿ, ಒಂದು ಹಿಡಿ ಹಸಿ ಹಕ್ಕರಕಿ ಸೊಪ್ಪು, ಮೆಂತ್ಯದ ತಪ್ಪಲು. ನಾನು ಅನ್ನ ಕಲಸುತ್ತಲೇ ಕುಳಿತೆ. ಬಾಗಿಲ ಕಡೆಗೇ ನನ್ನ ಕಣ್ಣು.

ಡಾಕ್ಟರಬಾಯಿ ಬಂದರು. ಬಂದವರು ನನ್ನ ಮುಖ ನೋಡದೆ ಬುತ್ತಿಯನ್ನೇ ನೋಡುತ್ತ ನಿಂತರು.

“ಈ ತಪ್ಪಲಾ ಯಾರದು?”

“ನಂದರಿ,” ಅಂದರು ಅತ್ತೆ.

“ಈಕಿ ತಿನ್ನೂದಿಲ್ಲೇನು?”

“ಅಯ್ಯ, ಕಾನ್ವೆಂಟಿನ್ಯಾಗ ಕಲತಾಕಿ, ನಾಜೂಕ ಹೊಟ್ಟಿ. ಅದರಾಗ ಬಸರಿ. ರೊಟ್ಟಿ ತಪ್ಪಲಾ ನಮ್ಮಂಥಾ ಒರಟ ಮಂದಿಗೆ. ಈಕಿಗೆ ಅನ್ನಾ, ಹಾಲು, ತುಪ್ಪಾ. ದಿನಾ ತಿಂದಾಳ, ಒಂದು ದಿನಾ ಕಡಿಮಿ ಮಾಡಿಲ್ಲ ನಾನು.”

ಡಾಕ್ಟರಬಾಯಿ ನಮ್ಮ ಪಕ್ಕದಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟರು. ಇನ್ನು ತಡೆಯಲಾರದೆ ನಾನು ಆ ಇಂಗ್ಲಿಷ್ ಹೆಸರನ್ನು ಹೇಳಿ, “ಅದಽ ಏನ್ರಿ?” ಅಂದೆ.

ಅವರು ಬೆಚ್ಚಿ ನನ್ನ ಕಡೆ ನೋಡಿದರು. “ಅಷ್ಟೊತ್ತಿನಿಂದ ಅದನ್ನ ಇಟಗೊಂಡು ಕುಂತಿಯೇನು ತಂಗಿ? ಅಲ್ಲ. ಅದಲ್ಲ. ನಿನ್ನ ಕಣಾ ಹಸದಾವು. ತಾಯಿಕಣದಿಂದ ಹುಟ್ಟಿದವು ದೊಡ್ಡವಾಗ್ಯಾವು, ಆದರ ಒಡದು ಹಣ್ಣಾಗಾಕ ಬೇಕಾದ ಒಂದು ಸತ್ವ ಸಿಕ್ಕಿಲ್ಲ. ಅದು ಈ ಹಸಿ ತಪ್ಪಲದಾಗ ಐತಿ. ಗುಳಿಗಿನೂ ಐತಿ, ಹುಬ್ಬಳ್ಳಿಯಿಂದ ತರಸೋಣು.”

“ಏನಂದ್ಲು ಈಕಿ? ಏನಲ್ಲ?” ಅತ್ತೆ ಕೇಳಿದರು.

“ಏನಿಲ್ಲರೀ ಅತ್ತಿ,” ಅಂದೆ. ಅಳು ಬಂತು.

ಅತ್ತೆ ರೊಟ್ಟಿಯನ್ನು ಕೆಳಗಿಟ್ಟರು. “ಹಂಗಾರ ನಾನಽ ಇಕೀನ ಒಣಗಿಸಿದ್ನೇನ್ರಿ ಬಾಯಾರ?”

“ಹಂಗನಬ್ಯಾಡ್ರಿ. ಬರ್ರಿ, ತೋರಸತೇನಿ.”

ಅತ್ತೆ ಸೂಕ್ಷ್ಮದರ್ಶಕಕ್ಕೆ ಕಣ್ಣು ಒತ್ತಿ, “ಇದರಾಗ ಬರೇ ಕರೀ ಕಡ್ಡಿ ಅದಾವಲ್ಲ!” ಅಂದರು.

“ಅವು ನಿಮ್ಮ ರೆಪ್ಪಿ ಕೂದಲಾ ಅವ್ವಾರ. ಚೂರು ಹಿಂದಕ್ಕ ಸರೀರಿ.”

ಆಮೇಲೆ ನಾನು ನೋಡಿದೆ. ನೇರಳೆ ಬಣ್ಣದ ಗುಂಡನೆಯವು, ಊದಿದ ಹೊಟ್ಟೆಯವು, ಅವುಗಳೊಳಗೆ ಜರಡಿಯ ಹಾಗೆ ತೂತುತೂತಾದ ಚುಕ್ಕೆ. ನನ್ನವೇ. ಬಹಳ ಹೊತ್ತು ನೋಡಲಾರದೆ ಕಣ್ಣು ತೆಗೆದೆ.

ಗುಳಿಗೆ ಬಂದವು, ಸಣ್ಣವು, ಹಳದಿ. ಅವು ಹಿಡಿಯುತ್ತವೋ ಇಲ್ಲವೋ ಎಂಬ ಅಂಜಿಕೆ ಮಾತ್ರ ಹೋಗಲಿಲ್ಲ. ಡಾಕ್ಟರಬಾಯಿ ನನ್ನನ್ನು ಸಮಾಧಾನ ಮಾಡಲು ಸುಳ್ಳು ಹೇಳಿದ್ದರೆ? ಮನೆಯಲ್ಲಿ ಅತ್ತೆ ಹಕ್ಕರಕಿಯನ್ನು ಸಣ್ಣಗೆ ಹರಿದು, ಉಪ್ಪು ಶೇಂಗಾಪುಡಿ ಕಲಸಿ ಎದುರಿಗಿಟ್ಟು, ನಾನು ನುಂಗುವ ತನಕ ಕೂತಿರುತ್ತಿದ್ದರು. ಗರ್ಭಕ್ಕೆ ಲಿಂಗ ಕಟ್ಟುವ ದಿನ ಅಯ್ಯನವರು ಮಂತ್ರ ಹೇಳುವಾಗಲೂ ಅವರ ಕಣ್ಣು ನನ್ನ ತುಟಿಯ ಬಣ್ಣದ ಮೇಲೆಯೇ. ಎದೆಯ ಎಲುಬು ಇನ್ನೂ ನೋಯುತ್ತಿತ್ತು. ಉಸಿರಾಡಿದಾಗೊಮ್ಮೆ ಕರಡಿಗೆ ಅದೇ ಜಾಗಕ್ಕೆ ತಾಗುತ್ತಿತ್ತು.

ದಿನಾ ಬೆಳಿಗ್ಗೆ ನನ್ನನ್ನು ಅಂಗಳದ ಬೆಳಕಿಗೆ ನಿಲ್ಲಿಸಿ, ಹೆಬ್ಬೆರಳಿನಿಂದ ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡುತ್ತಿದ್ದರು. ನೋಡಿ, ಏನೂ ಅನ್ನದೆ ಒಳಗೆ ಹೋಗುತ್ತಿದ್ದರು. ಒಂದು ದಿನ ನೋಡಿದರು, ಮತ್ತೊಂದು ಕಣ್ಣನ್ನೂ ನೋಡಿದರು.

“ಕೆಂಪ ಐತಿ,” ಅಂದರು.

ನಾನು ಅಲ್ಲೇ ಕಟ್ಟೆಯ ಮೇಲೆ ಕುಳಿತೆ. ಮರುದಿನ ನೋಡುವುದನ್ನು ಅವರೇನೂ ಬಿಡಲಿಲ್ಲ. ಹೆಣ್ಣುಕೂಸು ಹುಟ್ಟಿ, ಸೂಲಗಿತ್ತಿ ಎರೆದು ಕೈಗೆ ಕೊಟ್ಟಾಗ ಅತ್ತೆ ಮೊದಲು ಅದರ ಮುಖ ನೋಡಲಿಲ್ಲ. ಬೆಳಕಿಂಡಿಯ ಕೆಳಗೆ ಒಯ್ದು, ಅಳುತ್ತಿದ್ದ ಕೂಸಿನ ಕಣ್ಣಿನ ರೆಪ್ಪೆಯನ್ನು ಮೆಲ್ಲಗೆ ಕೆಳಗೆ ಜಗ್ಗಿದರು.