ಕೈವಾರ ಮುಟ್ಟದ ಕೊಟ್ರಪ್ಪ

ಕೊಟ್ರಪ್ಪ ಅಂಬಿಗೇರ ವೃತ್ತ ಕತ್ತರಿಸುವಾಗ ಕತ್ತರಿ ಹಿಡಿದ ಬಲಗೈ ಅಲುಗುವುದಿಲ್ಲ, ಎಡಗೈಯಲ್ಲಿನ ಕಾಗದ ತಿರುಗುತ್ತದೆ. ಮೊದಲು ಚೌಕ. ಅದರ ಮೂಲೆಗಳನ್ನು ಹಾರಿಸಿದರೆ ಎಂಟು ಮೂಲೆ, ಅವನ್ನೂ ಹಾರಿಸಿದರೆ ಹದಿನಾರು. ಆಮೇಲೆ ಅಂಚನ್ನು ಕತ್ತರಿಯ ಬುಡಕ್ಕೆ ಕೊಟ್ಟು, ಕತ್ತರಿಯ ಬಾಯಿ ಪೂರ್ತಿ ಮುಚ್ಚದಂತೆ ನೋಡಿಕೊಂಡು, ಕಾಗದವನ್ನು ನಿಧಾನ ತಿರುಗಿಸುತ್ತಾರೆ. ಐದು ರೂಪಾಯಿ ನಾಣ್ಯದಷ್ಟು ಅಗಲದ ವೃತ್ತ ಕೆಳಗೆ ಬೀಳುತ್ತದೆ. ಅದು ಕಾಗದದ ಹರಿಗೋಲಿನ ತಳ. ಸಾಣಾಪುರದಲ್ಲಿ ಪ್ರವಾಸಿಗರಿಗೆ ಆಟಿಕೆ ಮಾರುವ ಪ್ರಭುರಾಜ ಅದನ್ನು ಒಯ್ದು, ಸುತ್ತ ಕಾಗದದ ಸೀಳು ಹೆಣೆಸಿ ಅಂಗಡಿಯಲ್ಲಿಡುತ್ತಾನೆ.

ಅರವತ್ತೆರಡರ ಕೊಟ್ರಪ್ಪ ವಿರೂಪಾಪುರಗಡ್ಡೆಯಿಂದ ಹಂಪಿಯ ದಡಕ್ಕೆ ಜನರನ್ನು ದಾಟಿಸುತ್ತಿದ್ದವರು. ಎಡಗೈಗೆ ಲಕ್ವಾ ಹೊಡೆದು ಹುಟ್ಟು ಹಾಕುವುದು ನಿಂತ ಮೇಲೆ, ಹೆಂಡತಿ ವಿರೂಪಾಕ್ಷಮ್ಮನ ಜೊತೆ ಗಂಗಾವತಿಗೆ ಬಂದರು. ಕೈಗೆ ಅರ್ಧ ಬಲ ಮರಳಿತು. ಕಾಗದ ತಿರುಗಿಸಲು ಅಷ್ಟು ಸಾಕಾಗಿತ್ತು, ಈ ವರ್ಷದವರೆಗೆ.

ಶ್ರಾವಣದ ಮೊದಲ ಸೋಮವಾರ ಬಂದ ಪ್ರಭುರಾಜ ಆ ಕೈಯನ್ನೇ ನೋಡುತ್ತಿದ್ದ.

"ಏನ್ರಿ ಕಾಕಾ, ಕೈ ಮೊಬೈಲ್ ವೈಬ್ರೇಟ್ ಆದಂಗ ಆಗಾಕತ್ತೈತಿ?"

"ಮ್ಯಾಲಿಂದ ಫೋನ್ ಬರಾಕತ್ತೈತಿ ತಮ್ಮಾ. ನಾ ಎತ್ತವಲ್ಲೆ."

ಪ್ರಭುರಾಜ ನಕ್ಕ. ಹೋಗುವಾಗ, "ಶುಕ್ರವಾರಕ್ಕ ಐವತ್ತು ತಳ ಬೇಕ್ರಿ. ಆಗಲಿಲ್ಲಂದ್ರ ಹೊಸಪ್ಯಾಟ್ಯಾಗ ಮಷಿನ್‌ದಾಗ ಕಟ್ ಮಾಡಿಸ್ತೀನಿ" ಎಂದ. ಈ ಕೆಲಸವೂ ಹೋದರೆ ಕೊಟ್ರಪ್ಪನವರ ಕೈಗೆ ಬೇರೆ ಕೆಲಸವಿರಲಿಲ್ಲ.

ಬುಧವಾರದ ಹೊತ್ತಿಗೆ ಆದದ್ದು ಒಂಬತ್ತು. ಉಳಿದವೆಲ್ಲ ಮೊಟ್ಟೆಯಾಕಾರಕ್ಕೆ ತಿರುಗಿದ್ದವು. ಗುರುವಾರ ಅವರು ಆಸ್ಪತ್ರೆಗೆ ಹೋಗಿ ಬರುವಷ್ಟರಲ್ಲಿ ವಿರೂಪಾಕ್ಷಮ್ಮ ಪಕ್ಕದ ಮನೆಯ ಹುಡುಗಿಯ ಕಂಪಾಸ್ ಪೆಟ್ಟಿಗೆಯಿಂದ ಕೈವಾರ ತಂದು, ನಲವತ್ತೊಂದು ವೃತ್ತ ಗೀಚಿ ಕತ್ತರಿಸಿ ಮುಗಿಸಿದ್ದರು. ಒಂದಕ್ಕಿಂತ ಒಂದು ದುಂಡಗಿದ್ದವು. ಕೊಟ್ರಪ್ಪ ಒಂದನ್ನು ಎತ್ತಿ ಕಿಟಕಿಗೆ ಹಿಡಿದರು. ಕೈವಾರದ ಮೊನೆ ಊರಿದ್ದಲ್ಲಿ, ಸರಿಯಾಗಿ ನಡುವೆ, ಬೆಳಕು ಕಂಡಿತು.

ಒಂದೊಂದಾಗಿ ಎಲ್ಲವನ್ನೂ ನೋಡಿದರು.

"ಎಲ್ಲಾ ತೂತ ಅದಾವ."

"ಕಾಗದದ್ದರೀ ಅವು. ಯಾರು ನೀರಿಗೆ ಬಿಡ್ತಾರ?" ಎಂದರು ವಿರೂಪಾಕ್ಷಮ್ಮ. "ಕತ್ತರಿಸಿ ಕತ್ತರಿಸಿ ನನ್ನ ಬಟ್ಟು ಬೊಬ್ಬಿ ಎದ್ದಾವು. ನಿಮಗ ಬರೇ ತೂತ ಕಂಡ್ತು."

ಕೊಟ್ರಪ್ಪ ಕೈವಾರ ಮುಟ್ಟದ ಕಾರಣ ವಿರೂಪಾಕ್ಷಮ್ಮನಿಗೂ ಗೊತ್ತಿತ್ತು. ಇಪ್ಪತ್ತಾರು ವರ್ಷದ ಹಿಂದೆ ಒಡಹುಟ್ಟಿದ ತಮ್ಮ ಗವಿಸಿದ್ದೇಶನ ಹರಿಗೋಲಿನ ತಳದಲ್ಲಿ ಬೆಳಿಗ್ಗೆ ಒಂದು ಸಣ್ಣ ತೂತು ಕಂಡಿತ್ತು. ನೋಡಿದವರು ಕೊಟ್ರಪ್ಪನೇ. ಸಂಜೆ ಡಾಂಬರು ಹಚ್ಚೋಣ, ಈಗ ಹೋಗಿ ಬಾ ಎಂದಿದ್ದರು. ಹೊಳೆ ತುಂಬಿತ್ತು. ಮೂರನೇ ದಿನ ಕೆಳಗಿನ ಬಂಡೆಗಳ ನಡುವೆ ಗವಿಸಿದ್ದೇಶ ಸಿಕ್ಕಿದ.

ಗುರುವಾರ ಮಧ್ಯಾಹ್ನವೇ ಕೊಟ್ರಪ್ಪ ತೇಪೆ ಹಾಕಲು ಕೂತರು. ಪ್ರತಿ ತೂತಿನ ಮೇಲೆ ಕಡಲೆಬೇಳೆಯಷ್ಟು ಅಗಲದ ಒಂದು ವೃತ್ತ. ತಳಕ್ಕಿಂತ ಅದು ಕಷ್ಟ. ಅಷ್ಟು ಸಣ್ಣ ಚೂರು ನಡುಗುವ ಬೆರಳಲ್ಲಿ ನಿಲ್ಲುವುದಿಲ್ಲ. ವಿರೂಪಾಕ್ಷಮ್ಮ ಬಂದು ಅವರ ಎಡ ಮಣಿಕಟ್ಟು ಹಿಡಿದು ಕೂತರು. ಶುಕ್ರವಾರ ಪ್ರಭುರಾಜ ಬರುವ ಹೊತ್ತಿಗೆ ನಾಲ್ಕು ತೇಪೆ ಕೂತಿದ್ದವು.

ಕೊಟ್ರಪ್ಪ ಅವನ ಮುಂದೆ ಹದಿಮೂರು ತಳ ಇಟ್ಟರು. ಪ್ರಭುರಾಜ ಗೋಡೆಯ ಹತ್ತಿರವಿದ್ದ ಉಳಿದವುಗಳ ಕಡೆ ಕೈಮಾಡಿದ.

"ಅವೂ ಛಲೋ ಅದಾವಲ್ರಿ. ತರ್ರಿ."

"ಅವು ಕೊಡಾಕಲ್ಲಪ್ಪ," ಎಂದರು ವಿರೂಪಾಕ್ಷಮ್ಮ, ಗಂಡನಿಗಿಂತ ಮೊದಲು. "ತೂತ ಅದಾವ."

"ಇಷ್ಟ ಸಣ್ಣ ತೂತಕ್ಕ? ಕಾಕಾ, ನನ್ನ ಗಿರಾಕಿ ಅದನ್ನ ಟಿವಿ ಮ್ಯಾಲ ಇಡ್ತಾರ್ರಿ, ಹೊಳಿಗೆ ಬಿಡಾಂಗಿಲ್ಲ."

ಕೊಟ್ರಪ್ಪ ನಗಲಿಲ್ಲ. "ಮಷಿನ್‌ದಾಗ ಕಟ್ ಮಾಡಿದ್ರ ನಡುವ ತೂತ ಬೀಳ್ತೈತೇನು?" ಎಂದು ಕೇಳಿದರು.

"ಇಲ್ರಿ. ಮ್ಯಾಲಿಂದ ಒತ್ತಿದ್ರ ದುಂಡಗ ಬೀಳ್ತಾವ. ಮೊನಿ ಊರೂ ಕೆಲಸ ಇಲ್ಲ."

"ಒಂದಕ್ಕೂ ಇಲ್ಲ?"

"ಒಂದಕ್ಕೂ ಇಲ್ರಿ."

ಕೊಟ್ರಪ್ಪ ಎಡಗೈಯನ್ನು ಬಲಗೈಯಿಂದ ಹಿಡಿದು ತೊಡೆಯ ಮೇಲಿಟ್ಟುಕೊಂಡರು.

"ಹಂಗಾರ ಮಷಿನ್‌ದಾಗ ಕಟ್ ಮಾಡಿದ್ದನ್ನ ತರಸು."

ಇನ್ನೊಂದು ವಾರ ಗಡುವು ಕೊಡಲು ಮನಸ್ಸು ಮಾಡಿಕೊಂಡೇ ಬಂದಿದ್ದ ಪ್ರಭುರಾಜ ಹದಿಮೂರನ್ನೂ ಕವರಿಗೆ ಹಾಕಿಕೊಂಡು ಎದ್ದ.