ಎರಡೂ ಪೊಟ್ಟಣದಲ್ಲಿ ಬಿಳಿ ಹೂವೇ

ಅತ್ತೆ, ಆ ಶುಕ್ರವಾರ ನಮಗೆ ಹೂ ಕೊಟ್ಟವಳು ನಮ್ಮ ದೇವಿ ಚೌಡಮ್ಮನಲ್ಲ, ನಾನು. ಎರಡು ಪೊಟ್ಟಣದಲ್ಲೂ ಬಿಳಿ ಹೂವನ್ನೇ ಕಟ್ಟಿಟ್ಟಿದ್ದೆ. ನೀವು ಕಣ್ಣು ಮುಚ್ಚುವವರೆಗೂ ಇದನ್ನು ನಿಮಗೆ ಹೇಳಲಿಲ್ಲ. ಧೈರ್ಯವಿರಲಿಲ್ಲ ಎಂದರೆ ಅದೂ ಸುಳ್ಳಾದೀತು — ಹೇಳಲು ಮನಸ್ಸೇ ಇರಲಿಲ್ಲ. ಗೆದ್ದಿದ್ದೆ, ಗೆದ್ದದ್ದನ್ನು ಬಿಟ್ಟುಕೊಡುವ ಪೈಕಿಯವಳಲ್ಲ ನಾನು.

ಐವತ್ತರ ದಶಕದ ಮಾತು. ತಮಿಳು ಸೀಮೆಯ ಪಲ್ಲಡದಲ್ಲಿ, ನಮ್ಮ ಕನ್ನಡ ನೇಕಾರರ ಬೀದಿಯ ಆ ಮನೆಯಲ್ಲಿ ಸೀರೆಯ ಅಂಚಿನ ಬಣ್ಣ, ಒಲೆಯ ಮೇಲಿನ ಸಾರು, ನಾನು ತವರಿಗೆ ಹೋಗುವ ದಿನ — ಎಲ್ಲವೂ ನಿಮ್ಮ ಮಾತಿನಂತೆ. ನನ್ನದು ಅಂತ ಇದ್ದದ್ದು ಒಂದೇ. ಹೊಟ್ಟೆಯಲ್ಲಿ ಮಗು ಹೊರಳಿದ ದಿನದಿಂದ, ನೂಲು ಸುತ್ತುತ್ತಾ ನನ್ನೊಳಗೇ ಕರೆದುಕೊಂಡ ಹೆಸರು — ವಸಂತ.

ಹೆಣ್ಣು ಹುಟ್ಟಿತು. ಆ ಹೆಸರನ್ನು ಬಾಯಿಬಿಟ್ಟು ಹೇಳಿದೆ. ಅಬ್ಬಬ್ಬಾ, ಏನು ರಂಪ!

"ವಸಂತವಾ? ಬಸ್ಸಿಗೆ ಇಕ್ಕೋ ಪೇರು ತಾನೇ ಅದು!" ಎಂದು ನಿಮ್ಮ ನಾದಿನಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಿಮ್ಮ ಮಗ ಮಗ್ಗದ ಗುಂಡಿಯಿಂದ ತಲೆಯೆತ್ತಲೇ ಇಲ್ಲ. ನೀವು ಮಾತ್ರ ನಗಲಿಲ್ಲ.

"ನಂಜಮ್ಮಾಂತ ಇಡೋಣ. ನನ್ ಮಗಳ ಪೇರು ಈ ಮನೇಲಿ ಇನ್ನೊಂದ್ ದಪ ಕೂಗ್ಬೇಕು" ಎಂದಿರಿ.

ಸಿಡುಬಿನಲ್ಲಿ ಹೋದ ನಿಮ್ಮ ಒಬ್ಬಳೇ ಮಗಳು ನಂಜಮ್ಮ. ನನಗೆ ಗೊತ್ತಿತ್ತು. ಗೊತ್ತಿದ್ದೂ — "ಸತ್ತೋರ ಪೇರು ನನ್ ಮಗಳಿಗೆ ಬೇಡ" ಎಂದುಬಿಟ್ಟೆ. ನಿಮ್ಮ ಮುಖ ಆಗ ಹೇಗಾಯಿತೋ — ನಾನು ನೋಡಲಿಲ್ಲ. ನೋಡಬಾರದೆಂದೇ ನೋಡಲಿಲ್ಲ.

"ಸರಿ, ಅಮ್ಮನ್ನೇ ಕೇಳೋಣ" ಎಂದಿರಿ.

ಮಾತಿನಲ್ಲಿ ತೀರದ ಜಗಳಕ್ಕೆ ನಮ್ಮವರು ಹೂ ಕೇಳುತ್ತಾರೆ. ಒಂದು ಎಲೆಯಲ್ಲಿ ಬಿಳಿ ಹೂ, ಇನ್ನೊಂದರಲ್ಲಿ ಕೆಂಪು ಹೂ ಕಟ್ಟಿ ಚೌಡಮ್ಮನ ಮುಂದಿಟ್ಟು, ಏನೂ ಅರಿಯದ ಮಗುವಿನ ಕೈಯಲ್ಲಿ ಒಂದನ್ನು ಎತ್ತಿಸುವುದು. ಬಿಳಿ ಬಂದರೆ ವಸಂತ, ಕೆಂಪು ಬಂದರೆ ನಂಜಮ್ಮ. ಪೊಟ್ಟಣ ಕಟ್ಟುವ ಕೆಲಸವನ್ನು ನೀವು ನನಗೇ ಕೊಟ್ಟಿರಿ. ಅಷ್ಟು ನಂಬಿಕೆ.

ಪಕ್ಕದ ಮನೆಯ ಪುಟ್ಟಿ ಎತ್ತಿದ್ದು ಬಿಳಿ. ಇನ್ನೇನು ಎತ್ತಿಯಾಳು! ನಿಮ್ಮ ನಾದಿನಿಗೆ ಮಾತ್ರ ಅನುಮಾನ. "ಅದನ್ನೂ ಬಿಚ್ಚಿ ನೋಡಿಬಿಡೋಣ, ಅತ್ತಿಗೆ" ಎಂದು ಎರಡನೆಯದಕ್ಕೆ ಕೈ ಚಾಚಿದರು. ಮುಗಿಯಿತು ಕಥೆ ಅಂದುಕೊಂಡೆ.

ನೀವು ಅವರ ಕೈಗೆ ಪಟ್ಟನೆ ಹೊಡೆದಿರಿ. "ಚೀ! ಅಮ್ಮ ವಾಕ್ಕು ಕೊಟ್ಟಾಯ್ತು. ಅವಳ ಮೇಲೇ ಸಂದೇಹ ಪಡ್ತೀಯಾ?" ಆ ಪೊಟ್ಟಣವನ್ನು ಬಿಚ್ಚದೆಯೇ ಬಾವಿಗೆ ಹಾಕಿ ಬಂದಿರಿ.

ಆಮೇಲೆ ನಿಮ್ಮನ್ನು ನೋಡಬೇಕಿತ್ತು! ಬಸ್ಸು ಅಂತ ಯಾರಾದರೂ ತುಟಿ ಬಿಚ್ಚಿದರೆ ಸಾಕು — "ಅಮ್ಮ ಕೊಟ್ಟ ಪೇರು! ಬಾಯಿ ತೊಳ್ಕೊಂಡು ಬಂದು ಹೇಳು" ಎಂದು ಬೀದಿಗೇ ಇಳಿಯುತ್ತಿದ್ದಿರಿ. ಸಂಜೆಯಾದರೆ ಬೀದಿಯ ಈ ತುದಿಯಿಂದ ಆ ತುದಿಗೆ ನಿಮ್ಮ ಕಂಚಿನ ಕಂಠ — ವಸಂತಾ! ಇಸ್ಕೂಲಿನಲ್ಲಿ ಬಹುಮಾನಕ್ಕೆ ಆ ಹೆಸರು ಕೂಗಿದಾಗ ಎಲ್ಲರಿಗಿಂತ ಮೊದಲು ಎದ್ದುನಿಂತು ಚಪ್ಪಾಳೆ ತಟ್ಟಿದವರೂ ನೀವೇ. ನನಗೆ ಎಷ್ಟು ಹಿಗ್ಗು, ಅತ್ತೆ! ನಾನಿಟ್ಟ ಹೆಸರನ್ನು ನಿಮ್ಮ ಬಾಯಿಂದಲೇ ಮೆರೆಸಿದೆನಲ್ಲ. ಹೆಸರಿಗಾಗಿ ಕ್ಷಮೆ ಕೇಳಲಾರೆ. ಅದನ್ನು ಕೇಳಿದರೆ ಇವತ್ತಿಗೂ ನನ್ನ ಎದೆ ಉಬ್ಬುತ್ತದೆ.

ಆದರೆ ಆಮೇಲೆ ನನಗೆ ಹುಟ್ಟಿದವೆಲ್ಲ ಗಂಡು; ನಂಜಮ್ಮನ ಹೆಸರಿಗೆ ಇನ್ನೊಂದು ಹೆಣ್ಣು ಬರಲಿಲ್ಲ. ವಸಂತ ಇನ್ನೂ ಕೂಸಾಗಿದ್ದಾಗ ಒಮ್ಮೆ ನೀವು ಅವಳ ತೊಟ್ಟಿಲು ತೂಗುತ್ತಾ, ಯಾರೂ ಇಲ್ಲವೆಂದುಕೊಂಡು, "ನಂಜೀ" ಎಂದಿರಿ. ನನ್ನ ನೆರಳು ಕಂಡು ತಡವರಿಸಿ, "ವಸಂತಾ" ಎಂದು ತಿದ್ದಿಕೊಂಡಿರಿ. ನಾನು ಕೇಳಿಸದವಳಂತೆ ಒಳಗೆ ಹೋದೆ.

ಮೊನ್ನೆ ವಸಂತಳಿಗೆ ಎಲ್ಲ ಹೇಳಿದೆ. "ಸಾಮಿ ಹತ್ರಾನೇ ಕಳ್ಳಾಟ ಆಡಿದ್ಯಾ ಅವ್ವಾ!" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು ಹೇಳಿದಳು — "ಅಜ್ಜಿ ನನ್ನ ನಂಜೀಂತ ಕೂಗಿದ್ರೂ ಓಡಿ ಬರ್ತಿದ್ನಲ್ಲವ್ವಾ."

ಬರುತ್ತಿದ್ದಳು, ಅತ್ತೆ. ನಿಮಗೆ ಹಾಗೆ ಕೂಗಲು ನಾನೇ ಬಿಡಲಿಲ್ಲ.